ನೊಣ ಕಟ್ಟುವವರು ಹೊಳೆಗೆ ಹೋದ ವರ್ಷ

ಮೊನ್ನೆ ಭಾನುವಾರ ಮಧ್ಯಾಹ್ನ ಮೊಮ್ಮಗಳು ನನ್ನ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಸೀಸೆಯ ಮುಚ್ಚಳ ತೆಗೆದದ್ದೇ ತಡ, ಓದುತ್ತಿದ್ದ ಪೇಪರ್ ಮುಂದಕ್ಕೆ ಹೋಗಲಿಲ್ಲ. ಕಳಿತ ಬಾಳೆಹಣ್ಣಿನಂಥ, ಸ್ವಲ್ಪ ತಲೆ ತಿರುಗಿಸುವ ವಾಸನೆ.

"ತಾತ, ವಾಸನೆ ಜಾಸ್ತಿ ಆಯ್ತಾ? ಆಚೆ ಹೋಗ್ಲಾ?" ಎಂದಳು.

"ಬೇಡಮ್ಮ, ಇಲ್ಲೇ ಹಚ್ಕೋ. ಈ ವಾಸನೇಲಿ ಕೂತು ಹನ್ನೊಂದು ವರ್ಷ ಸಂಬಳ ತಗೊಂಡಿದೀನಿ" ಎಂದೆ. ಅವಳು ನಕ್ಕಳು. ತಾತನಿಗೆ ಎಪ್ಪತ್ತೆಂಟಾಯಿತು, ಏನೋ ಹೇಳುತ್ತಾರೆ ಎಂದುಕೊಂಡಿರಬೇಕು.

ಮಗನ ಮನೆ ಇರುವುದು ಜೀವನ್ ಬಿಮಾ ನಗರದಲ್ಲಿ. ನಾನು ಹೇಳಹೊರಟಿರುವ ಕಾಲದಲ್ಲಿ ಇಲ್ಲೆಲ್ಲ ರಾಗಿ ಹೊಲವಿತ್ತು. ನಮ್ಮ ಮನೆ ಹಲಸೂರಿನ ಕೆರೆಯ ಕೆಳಗಿನ ಬೀದಿಯಲ್ಲಿ. ಕೆಲಸ ಕಂಟೋನ್ಮೆಂಟಿನಲ್ಲಿ, ಒಬ್ಬ ಮುದುಕ ಇಂಗ್ಲಿಷಿನವನು ನಡೆಸುತ್ತಿದ್ದ ಮೀನಿನ ಗಾಳದ ಅಂಗಡಿಯಲ್ಲಿ. ನಾವು ಅವನನ್ನು ದೊರೆ ಎನ್ನುತ್ತಿದ್ದೆವು. ಅಂಗಡಿಯ ಹಿಂದೆ ಒಂದು ಉದ್ದನೆಯ ಕೋಣೆ, ಕಿಟಕಿಯ ಕೆಳಗೆ ಒಂದು ಬೆಂಚು, ಬೆಂಚಿಗೆ ಮೂರು ಸ್ಟೂಲು. ಅಲ್ಲಿ ಕೂತು ನಾವು ಮೂವರು ನೊಣ ಕಟ್ಟುತ್ತಿದ್ದೆವು.

ನೊಣ ಎಂದರೆ ಬದುಕಿರುವ ನೊಣವಲ್ಲ. ಸಣ್ಣ ಉಕ್ಕಿನ ಕೊಕ್ಕೆಗೆ ರೇಷ್ಮೆ ದಾರ ಸುತ್ತಿ, ಹುಂಜದ ಕತ್ತಿನ ಗರಿ, ನವಿಲುಗರಿಯ ಒಂದೆರಡು ಎಳೆ, ಚೂರು ಜರಿ ಸೇರಿಸಿ, ನೀರಿಗೆ ಬಿದ್ದರೆ ಹುಳುವೆಂದೋ ಮರಿಮೀನೆಂದೋ ಮೀನು ಮೋಸಹೋಗುವ ಹಾಗೆ ಕಟ್ಟುವ ಗಾಳ. ದೊರೆಗಳು ಅದಕ್ಕೆ ಅವರ ಭಾಷೆಯಲ್ಲಿ ಫ್ಲೈ ಎನ್ನುತ್ತಿದ್ದರು, ನಾವು ನಮ್ಮ ಭಾಷೆಯಲ್ಲಿ ನೊಣ ಎಂದೆವು. ಕೊನೆಗೆ ಗಂಟಿನ ಮೇಲೆ ಒಂದು ಹನಿ ವಾರ್ನಿಷ್ ಇಡಬೇಕು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಸೀಮೆಯ ವಾರ್ನಿಷ್ ಬರುವುದು ನಿಂತಿತು. ಫೋಟೋ ಸ್ಟುಡಿಯೋದವರು ಬಿಸಾಡಿದ ಹಳೇ ನೆಗೆಟಿವ್‌ಗಳನ್ನು ಬಿಸಿನೀರಿನಲ್ಲಿ ತೊಳೆದು, ಕತ್ತರಿಸಿ, ದೊರೆ ತಂದುಕೊಡುತ್ತಿದ್ದ ಒಂದು ದ್ರವದಲ್ಲಿ ಕರಗಿಸಿ ನಾವೇ ಮಾಡಿಕೊಳ್ಳುತ್ತಿದ್ದೆವು. ಯಾರ್ಯಾರದೋ ಮದುವೆ, ಯಾವ್ಯಾವುದೋ ಪಲ್ಟನ್ನಿನ ಗ್ರೂಪ್ ಫೋಟೋ ಎಲ್ಲ ಕರಗಿ ಗಾಳದ ತುದಿಗೆ ಹೊಳಪಾಗುತ್ತಿತ್ತು. ಮೊಮ್ಮಗಳ ಸೀಸೆಯಿಂದ ಬಂದದ್ದು ಆ ವಾಸನೆ.

ನಮ್ಮ ಬೀದಿಯಲ್ಲಿ "ಮುನಿಯಪ್ಪ ಏನ್ ಕೆಲ್ಸ ಮಾಡ್ತಾನೆ?" ಎಂದು ಯಾರಾದರೂ ಕೇಳಿದರೆ, "ದೊರೆ ಅಂಗಡೀಲಿ ಕೂತ್ಕೊಂಡು ನೊಣ ಹೊಡೀತಾನೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ತಿಂಗಳ ಮೊದಲ ದಿನ ಸಂಬಳ ಬರುತ್ತಿತ್ತಲ್ಲ, ನಗಲು ಅಡ್ಡಿಯಿರಲಿಲ್ಲ.

ಬೆಂಚಿನ ಎಡತುದಿಯಲ್ಲಿ ಸವರಿಮುತ್ತು. ಮರ್ಫಿ ಟೌನಿನ ಕ್ರೈಸ್ತ, ಮನೆಯಲ್ಲಿ ತಮಿಳು, ನಲವತ್ತು ದಾಟಿದ್ದ. ನನಗೆ ಹತ್ತೊಂಬತ್ತರಲ್ಲಿ ಈ ಕೆಲಸ ಕೈ ಹಿಡಿದು ಕಲಿಸಿದವನು ಅವನೇ, ಹಾಗಾಗಿ ಅಣ್ಣ ಎನ್ನುತ್ತಿದ್ದೆ. ನಡುವೆ ನಾನು. ಬಲಕ್ಕೆ ರಹೀಂ. ಅವನ ಮನೆಯವರಿಗೆ ಶಿವಾಜಿನಗರದಲ್ಲಿ ಕೋಳಿ ಅಂಗಡಿ. ಗರಿ ಆರಿಸಿ ತರುವುದು ಅವನ ಕೆಲಸ. ಮಾರ್ಕೆಟ್ಟಿಗೆ ಬಂದ ಹುಂಜವನ್ನು ಕತ್ತು ನೋಡಿಯೇ "ಇದು ನಮ್ಮದು" ಎಂದು ತೆಗೆದಿಡುವ ಚಾಲಾಕಿ. ಏಳು ವರ್ಷ ನಾವು ಮೂವರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತವರು. ಮೂವರಲ್ಲಿ ಯಾರೊಬ್ಬರೂ ನಾವು ಕಟ್ಟಿದ ನೊಣವನ್ನು ಮೀನು ಕಚ್ಚುವುದನ್ನು ಕಣ್ಣಾರೆ ನೋಡಿರಲಿಲ್ಲ.

ಯುದ್ಧದಲ್ಲಿ ಸೀಮೆಯ ಕೊಕ್ಕೆಯೂ ಬರುವುದು ನಿಂತು, ಊರಿನಲ್ಲೇ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ ಕೊಕ್ಕೆ ಬರತೊಡಗಿತು. ಅದರಲ್ಲಿ ಹತ್ತಕ್ಕೆ ಮೂರು ಮೊಂಡು. ಕಟ್ಟುವ ಮೊದಲು ಒಂದೊಂದನ್ನೂ ಪರೀಕ್ಷೆ ಮಾಡಬೇಕಿತ್ತು. ಮೊನೆಯನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯುವುದು. ಚೂಪಾಗಿದ್ದರೆ ಕಚ್ಚಿಕೊಳ್ಳುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಜಾರಿದ್ದನ್ನು ಅರದಿಂದ ಉಜ್ಜಿ ಸರಿಮಾಡಬೇಕು. ಇದನ್ನು ಯಾರೂ ಕಣ್ಣಿಟ್ಟು ನೋಡಿ ಮಾಡುತ್ತಿರಲಿಲ್ಲ. ಕಣ್ಣು ಗರಿಯ ಮೇಲೆ, ಮಾತು ಪಕ್ಕದವನ ಜೊತೆ, ಮೊನೆ ಕಚ್ಚಿತೋ ಇಲ್ಲವೋ ಎನ್ನುವುದನ್ನು ಬೆರಳೇ ಹೇಳುತ್ತಿತ್ತು.

ಯುದ್ಧ ಮುಗಿದ ಮರುವರ್ಷ, ದೀಪಾವಳಿ ಕಳೆದು ಒಂದು ವಾರವಾಗಿತ್ತು. ನೀಲಗಿರಿಯ ಕಡೆಯಿಂದ ಒಬ್ಬ ಮೇಜರ್ ನಾವು ಕಳಿಸಿದ್ದ ಒಂದು ಪೆಟ್ಟಿಗೆ ನೊಣವನ್ನು ವಾಪಸ್ ಕಳಿಸಿದ. ಮೀನು ಕಚ್ಚುತ್ತದೆ, ನಿಲ್ಲುವುದಿಲ್ಲ, ಕೊಕ್ಕೆ ಮೊಂಡು ಎಂದು ಕಾಗದ. ದೊರೆ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಸುರುವಿ, ತನ್ನ ಉಗುರಿನ ಮೇಲೆ ಒಂದೊಂದನ್ನೇ ಎಳೆದು ಎರಡು ಗುಡ್ಡೆ ಮಾಡಿದ. ಒಂದು ಗುಡ್ಡೆ ಚೂಪು. ಇನ್ನೊಂದರಲ್ಲಿ ಮೊಂಡು, ಇಪ್ಪತ್ತರ ಮೇಲಿತ್ತು.

"ಇದು ಒಂದೇ ಆದ್ಮಿಯ ಕೈ" ಎಂದ, ತನ್ನ ಮುರುಕು ಭಾಷೆಯಲ್ಲಿ. "ನನಗೆ ಗೊತ್ತಿಲ್ಲ. ನಿಮಗೆ ಗೊತ್ತು."

ನಮಗೆ ಗೊತ್ತೇ ಇತ್ತು. ನೋಡುವವರಿಗೆ ಎಲ್ಲ ನೊಣವೂ ಒಂದೇ, ಕಟ್ಟಿದವನಿಗೆ ಅಕ್ಷರ ಗುರುತು ಹಿಡಿದ ಹಾಗೆ. ಜರಿಯನ್ನು ನಾನು ಐದು ಸುತ್ತು ಸುತ್ತುತ್ತಿದ್ದೆ, ರಹೀಂ ನಾಲ್ಕು. ಸವರಿಯಣ್ಣ ಐದು ಸುತ್ತಿ ಕೊನೆಗೆ ಎಡಕ್ಕೆ ಅರ್ಧ ಸುತ್ತು ಕೊಡುತ್ತಿದ್ದ. ಮೊಂಡು ಗುಡ್ಡೆಯಲ್ಲಿ ಮೇಲಿದ್ದ ನಾಲ್ಕೈದನ್ನು ನೋಡಿದೆ. ಎಲ್ಲದಕ್ಕೂ ಅರ್ಧ ಸುತ್ತು. ರಹೀಂ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ.

ದೊರೆ ಮಾರ್ಚಿಗೆ ಹಡಗು ಹತ್ತುವವನಿದ್ದ. ಅಂಗಡಿಯನ್ನು ತೆಗೆದುಕೊಳ್ಳುವವರು ಕೆಲಸ ಸರಿಯಿದ್ದರೆ ಮಾತ್ರ ಬೆಂಚನ್ನು ಇಟ್ಟುಕೊಳ್ಳುತ್ತಾರೆ ಎಂದ. ಆಮೇಲೆ ಗೋಡೆಯ ಮೇಲಿದ್ದ ತನ್ನದೇ ಹಳೆಯ ಗಾಳದ ಕೋಲನ್ನು ಇಳಿಸಿದ. "ನಾಲ್ಕು ದಿನ ರಜ. ಹೊಳೆಗೆ ಹೋಗಿ. ನೀವು ಕಟ್ಟಿದ್ದನ್ನು ನೀವೇ ನೀರಿಗೆ ಹಾಕಿ ನೋಡಿ. ಬಂದ ಮೇಲೆ ನನಗೆ ಒಂದು ಹೆಸರು ಹೇಳಿ. ಅವನು ಮನೆಗೆ, ಇಬ್ಬರು ಬೆಂಚಿಗೆ. ಹೇಳದಿದ್ದರೆ ಮೂವರೂ ಮನೆಗೆ."

ಅವನದು ಕ್ರೌರ್ಯ ಎಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅಂಗಡಿ ಮಾರುವವನ ಅವಸರ ಅದು. ನನ್ನ ಲೆಕ್ಕ ಬೇರೆಯೇ ಇತ್ತು. ಸವರಿಯಣ್ಣ ಕುಡಿತಕ್ಕೆ ಬಿದ್ದಿದ್ದಾನೆ, ಕೈಗೆ ಶ್ರದ್ಧೆ ಇಲ್ಲ ಎಂದುಕೊಂಡಿದ್ದೆ. ಹೊಳೆಯ ಹತ್ತಿರ ಹೋದರೆ, ಮೀನು ಕಚ್ಚಿ ಕಚ್ಚಿ ಬಿಟ್ಟುಹೋಗುವುದನ್ನು ನೋಡಿದರೆ ಅವನೇ ನಾಚಿಕೊಂಡು ಒಪ್ಪಿಕೊಳ್ಳುತ್ತಾನೆ, ಹೆಸರು ಹೇಳುವ ಕೆಲಸ ನನಗೆ ತಪ್ಪುತ್ತದೆ.

ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಕನಕಪುರ ಮುಟ್ಟಿದೆವು. ಏರು ಬಂದಲ್ಲೆಲ್ಲ ಇಳಿದು ನಡೆಯಬೇಕಿತ್ತು, ಮುಖವೆಲ್ಲ ಮಸಿ. ಅಲ್ಲಿಂದ ಒಂದು ಎತ್ತಿನ ಗಾಡಿ, ಗಾಡಿ ನಿಂತ ಮೇಲೆ ಕಾಲು. ಕಾಡು ಶುರುವಾದ ಮೇಲೆ ದಾರಿ ಎನ್ನುವುದು ಬಿದಿರುಮೆಳೆಯ ನಡುವಿನ ಸಂದಿ ಅಷ್ಟೆ. ಆನೆ ಲದ್ದಿ ಕಂಡಾಗ ರಹೀಂ ನಿಂತು ಅದನ್ನೇ ನೋಡಿದ.

"ಬಿಸಿ ಇದೆಯೇನೋ ಮುಟ್ಟಿ ನೋಡು ಮುನಿ."

"ನೀನೇ ನೋಡು."

"ನಕ್ಕೋ ಬಾಬಾ. ಬಿಸಿ ಇದ್ರೆ ನಾನು ವಾಪಸ್ ಹೋಗ್ಬೇಕಾಗುತ್ತೆ, ಗೊತ್ತಿಲ್ದೇ ಇದ್ರೆ ಮುಂದಕ್ಕೆ ಬರ್ತೀನಿ."

ಸವರಿಯಣ್ಣ ಕಂಬಳಿ ಹೊದ್ದು ಮುಂದೆ ನಡೆಯುತ್ತಿದ್ದ. ಅವನು ಆ ದಿನಗಳಲ್ಲಿ ಖುಷಿಯಾಗಿದ್ದ. ಮಗಳು ಸೆಲ್ವಿಗೆ ಮದುವೆ ಗೊತ್ತಾಗಿತ್ತು, ಸಂಕ್ರಾಂತಿಗೆ ಹುಟ್ಟುವ ತಮಿಳರ ತೈ ತಿಂಗಳಲ್ಲಿ, ಹುಡುಗ ರೈಲ್ವೆಯಲ್ಲಿ. ದಾರಿಯುದ್ದಕ್ಕೂ ಅದೇ ಮಾತು. ನಾನು ಹೂಂಗುಟ್ಟುತ್ತಿದ್ದೆ. ಕೆಲಸ ಕಳೆದುಕೊಳ್ಳಲಿರುವವನು ಮದುವೆಯ ಊಟದ ಪಟ್ಟಿ ಹೇಳುತ್ತಾ ನಡೆಯುವುದನ್ನು ಕೇಳುವುದು ಕಷ್ಟವಾಗಬೇಕಿತ್ತು. ನನಗೆ ಕಾಲುನೋವು ಮಾತ್ರ ನೆನಪಿದೆ.

ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಿಂದ ಇನ್ನೂ ಕೆಳಕ್ಕೆ, ಬಂಡೆಗಳ ನಡುವೆ ಒಂದು ಮರಳಿನ ಜಾಗದಲ್ಲಿ ಉಳಿದೆವು. ಮಳೆಗಾಲ ಕಳೆದು ನೀರು ತಿಳಿಯಾಗಿತ್ತು. ಬೆಳಗ್ಗೆ ಹೊಳೆಯ ಮೇಲೆ ಹೊಗೆಯಂಥ ಮಂಜು, ಒಂಬತ್ತಕ್ಕೆಲ್ಲ ಬಂಡೆ ಕಾದು ಕೂರಲಾಗದಷ್ಟು ಬಿಸಿ. ಎದುರು ದಡದ ಮತ್ತಿಮರದ ಬೇರಿನ ಮೇಲೆ ಒಂದು ಮೊಸಳೆ ದಿನಾ ಒಂದೇ ಹೊತ್ತಿಗೆ ಬಂದು ಮಲಗುತ್ತಿತ್ತು. ನಮ್ಮ ಮೂವರನ್ನು ಬಿಟ್ಟರೆ ನಾಲ್ಕನೆಯ ಮನುಷ್ಯನನ್ನು ನೋಡಿದ್ದು ಒಂದೇ ಸಲ. ಹರಿಗೋಲಿನಲ್ಲಿ ಬಂದ ಬೆಸ್ತರವನೊಬ್ಬ ನನ್ನ ಅಂಗೈಯಲ್ಲಿದ್ದ ನೊಣವನ್ನು ಬಗ್ಗಿ ನೋಡಿ, "ಇದೇನ್ ಸ್ವಾಮಿ, ಕೋಳಿ ಪುಕ್ಕ? ಬಿಳಿಮೀನು ಬೇಕು ಅಂದ್ರೆ ರಾಗಿಮುದ್ದೆ ಹಾಕಿ" ಎಂದು ಹೇಳಿ ಹೋದ. ರಹೀಂಗೆ ಸಿಟ್ಟು ಬಂತು. "ಏಳು ವರ್ಷದಿಂದ ಮುದ್ದೆ ಮಾಡೋದು ಬಿಟ್ಟು ಇದನ್ನ ಮಾಡಿದೀವಲ್ಲ" ಎಂದು ನಾನು ನಗಿಸಲು ನೋಡಿದೆ.

ಕೋಲು ಒಂದೇ, ಸರದಿಯ ಮೇಲೆ ಬೀಸುತ್ತಿದ್ದೆವು. ಈ ಗಾಳ ತೂಕವಿಲ್ಲದ್ದು, ಕಲ್ಲೆಸೆದ ಹಾಗೆ ಎಸೆಯಲು ಬರುವುದಿಲ್ಲ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ದೊರೆ ಅಂಗಡಿಯ ಹಿತ್ತಿಲಿನಲ್ಲಿ ಅರ್ಧ ಗಂಟೆ ಹೇಳಿಕೊಟ್ಟಿದ್ದು ಅಷ್ಟೆ. ಮೊದಲ ಬೆಳಗ್ಗೆ ರಹೀಂ ಮೂರು ನೊಣವನ್ನು ಮರಕ್ಕೆ ಕೊಟ್ಟ. ನಾನು ಒಂದನ್ನು ನನ್ನ ಟೋಪಿಗೆ ಸಿಕ್ಕಿಸಿಕೊಂಡೆ. ಹನ್ನೊಂದರ ಹೊತ್ತಿಗೆ ಹೇಗೋ ನನ್ನ ದಾರ ನೀರಿನ ಮೇಲೆ ಉದ್ದಕ್ಕೆ ಬಿತ್ತು, ನೊಣ ಇಳಿಯಿತು, ನೀರು ಒಂದು ಸಲ ಉಬ್ಬಿತು, ಕೋಲು ಬಾಗಿತು. ಅಂಗೈ ಅಗಲದ ಗೆಂಡೆ ಮೀನು. ಬಂಡೆಯ ಮೇಲೆ ಅದು ಒದ್ದಾಡುತ್ತಿರುವಾಗ ಮೂವರೂ ಬಗ್ಗಿ ಅದರ ಬಾಯಿಯೊಳಗೆ ನೋಡಿದೆವು. ಮೇಲ್ದುಟಿಯಲ್ಲಿ ನನ್ನ ಐದು ಸುತ್ತಿನ ಜರಿ ಹೊಳೆಯುತ್ತಿತ್ತು.

"ನೋಡಪ್ಪಾ, ನಿಜವಾಗ್ಲೂ ತಿನ್ನುತ್ತೆ" ಎಂದ ಸವರಿಯಣ್ಣ. ಏಳು ವರ್ಷದ ಅನುಮಾನ ತೀರಿದವನ ಹಾಗೆ.

ಆಮೇಲೆ ಪರೀಕ್ಷೆಗೆ ಕೂತೆವು. ಜೊತೆಗೆ ತಂದಿದ್ದ ಮೇಜರನ ಪೆಟ್ಟಿಗೆಯಿಂದ ರಹೀಮನದು ಒಂದು, ಸವರಿಯಣ್ಣನದು ಒಂದು, ನನ್ನದು ಒಂದು ಎಂದು ಸರದಿಯಲ್ಲಿ ಕಟ್ಟಿ ಬೀಸಿದೆವು. ರಹೀಮನ ನೊಣಕ್ಕೆ ಎರಡು ಮೀನು ಬಂದವು. ಸವರಿಯಣ್ಣನ ನೊಣಕ್ಕೆ ನಾಲ್ಕು ಸಲ ನೀರು ಉಬ್ಬಿತು, ನಾಲ್ಕು ಸಲವೂ ಕೋಲು ಬಾಗಿ ನೆಟ್ಟಗಾಯಿತು. ನಾಲ್ಕನೆಯದು ದೊಡ್ಡದಿತ್ತು, ಬಂಗಾರದ ಬಣ್ಣದ ಮೈಯನ್ನು ಒಂದು ಸಲ ತೋರಿಸಿ ಹೋಯಿತು. ಅವನು ನೊಣವನ್ನು ಎಳೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

"ನಾನು ಒಂದೊಂದನ್ನೂ ಉಗುರಿನ ಮೇಲೆ ನೋಡೇ ಕಟ್ಟೋದು ಮುನಿ. ನಿಂಗೆ ಕಲಿಸಿದ್ದೇ ನಾನಲ್ವಾ?"

"ನೋಡಿರ್ತೀಯ ಅಣ್ಣ" ಎಂದೆ. ಸುಳ್ಳು ಹೇಳುತ್ತಿದ್ದಾನೆ ಎಂದು ಒಳಗೆ ಅಂದುಕೊಂಡೆ. ಆ ಸಂಜೆ ಮೀನು ಸುಟ್ಟು ತಿಂದೆವು. ರಹೀಂ ಮನೆಯಿಂದ ತಂದ ಮಸಾಲೆ ಹಚ್ಚಿದ್ದ. ಮೂವರೂ ಒಂದೇ ಎಲೆಯ ಸುತ್ತ ಕೂತು ತಿಂದೆವು, ಮುಳ್ಳನ್ನು ಹೊಳೆಗೆ ಎಸೆದೆವು. ಯಾರೂ ಹೆಸರಿನ ಮಾತು ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ಬೀಸುವ ಸರದಿ ನನ್ನದು. ದಾರಕ್ಕೆ ಕಟ್ಟಿದ್ದು ನಾನೇ ಕಟ್ಟಿ, ನಾನೇ ಉಜ್ಜಿದ ಚೂಪು ನೊಣ. ನನ್ನ ಬೆನ್ನ ಹಿಂದೆ ಸ್ವಲ್ಪ ಎಡಕ್ಕೆ, ಬಂಡೆಗೆ ಒರಗಿ ಸವರಿಯಣ್ಣ ನಿಂತಿದ್ದ. ಬಲಗೈಯಲ್ಲಿ ಬೀಡಿ, ಎಡಗೈ ಬಂಡೆಯ ಮೇಲೆ. ಕೋಲನ್ನು ಹಿಂದಕ್ಕೆ ಬೀಸಿ ತಡೆದೆ. ಮುಂದಕ್ಕೆ ಬೀಸಿದರೆ ದಾರ ಬರಲಿಲ್ಲ. ಗಿಡಕ್ಕೆ ಸಿಕ್ಕಿತು ಎಂದುಕೊಂಡೆ. ಹಿಂತಿರುಗಿ ನೋಡಲು ಸೋಮಾರಿತನವಾಗಿ ಕೋಲನ್ನು ಹಾಗೇ ಒಂದು ಸಲ ಜಗ್ಗಿದೆ. ಬರಲಿಲ್ಲ. ಇನ್ನೊಂದು ಸಲ, ಸಿಟ್ಟಿನಿಂದ, ಜೋರಾಗಿ ಜಗ್ಗಿದೆ.

"ಯಾರಪ್ಪಾ ತೋಳು ಎಳೀತಿರೋದು?" ಎಂದ ಸವರಿಯಣ್ಣ, ನಗುತ್ತಾ.

ತಿರುಗಿ ನೋಡಿದೆ. ದಾರ ನೆಟ್ಟಗೆ ಅವನ ಎಡಗೈಗೆ ಹೋಗಿತ್ತು. ಹೆಬ್ಬೆರಳಿನ ಬುಡದ ಮಾಂಸದಲ್ಲಿ ಕೊಕ್ಕೆ, ಮೊನೆಯ ಹಿಂದೆ ಎದುರಾಗಿ ಚಾಚಿರುವ ಮುಳ್ಳಿನ ಸಮೇತ ಒಳಗೆ ಹೋಗಿ, ಹೊರಗೆ ಗರಿ ಮಾತ್ರ ಕಾಣುತ್ತಿತ್ತು. ರಕ್ತ ಮಣಿಕಟ್ಟಿನವರೆಗೆ ಇಳಿದು ಬಂಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಎದುರು ದಡದ ಮೊಸಳೆಯನ್ನು ನೋಡುತ್ತಿದ್ದ.

"ಅಣ್ಣಾ, ಕೈ" ಎಂದೆ.

ಅವನು ಕೈ ನೋಡಿಕೊಂಡ. ನಗು ಹಾಗೇ ಇತ್ತು, ಸ್ವಲ್ಪ ಹೊತ್ತು. ಆಮೇಲೆ ನನ್ನ ಮುಖ ನೋಡಿದ, ರಹೀಮನ ಮುಖ ನೋಡಿದ. "ಅಯ್ಯೋ, ನೋವು" ಎಂದ. ತಡವಾಗಿತ್ತು. ಮೂವರಿಗೂ ತಡವಾಗಿತ್ತೆಂದು ಗೊತ್ತಾಯಿತು.

ಮುಳ್ಳು ಒಳಗೆ ಹೋದ ಕೊಕ್ಕೆಯನ್ನು ಹಿಂದಕ್ಕೆ ಎಳೆಯಲಾಗುವುದಿಲ್ಲ. ಮುಂದಕ್ಕೆ ದೂಡಿ, ಮೊನೆಯನ್ನು ಇನ್ನೊಂದು ಕಡೆಯ ಚರ್ಮ ತೂರಿಸಿ ಹೊರಗೆ ತಂದು, ಕತ್ತರಿಸಿ ತೆಗೆಯಬೇಕು. ಗಟ್ಟಿ ಗಂಡಸರು ಕೂಗಿಕೊಳ್ಳುವ ಕೆಲಸ. ರಹೀಂ ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಇಕ್ಕಳದಿಂದ ದೂಡಿದ. ಸವರಿಯಣ್ಣ ಸುಮ್ಮನೆ ನೋಡುತ್ತಿದ್ದ, ಬೇರೆ ಯಾರದೋ ಕೈಗೆ ಆಗುತ್ತಿರುವ ಹಾಗೆ. ಮೊನೆ ಹೊರಗೆ ಬಂದಾಗ ರಹೀಮನ ಹಣೆಯ ಮೇಲೆ ಬೆವರಿತ್ತು. ಸವರಿಯಣ್ಣನ ಹಣೆ ಒಣಗಿತ್ತು.

"ಎಷ್ಟು ದಿವ್ಸದಿಂದ ಅಣ್ಣ?" ಎಂದು ರಹೀಂ ಕೇಳಿದ.

"ಒಂದೂವರೆ ವರ್ಷ ಆಗಿರ್ಬೇಕು. ಒಲೆ ಮೇಲಿನ ಪಾತ್ರೆ ಇಳಿಸಿದೆ, ಬೊಬ್ಬೆ ಎದ್ದಿದ್ದನ್ನ ಹೆಂಡ್ತಿ ಹೇಳಿದ್ಳು. ಬೆನ್ನ ಮೇಲೆ ಒಂದು ಮಚ್ಚೆ ಇದೆ. ಆಸ್ಪತ್ರೇಲಿ ಸೂಜಿ ಚುಚ್ಚಿ ನೋಡಿದ್ರು." ಆಮೇಲೆ, "ದೊಡ್ಡ ರೋಗ" ಎಂದ. ಕುಷ್ಠಕ್ಕೆ ಆಗ ನಮ್ಮ ಕಡೆ ಹಾಗೆ ಹೇಳುತ್ತಿದ್ದರು. "ಕೊಕ್ಕೇನ ನಾನು ಪ್ರತಿಯೊಂದನ್ನೂ ನೋಡ್ತಿದ್ದೆ ಕಣಪ್ಪಾ. ಎಲ್ಲಾ ಕಚ್ಕೊಂಡ ಹಾಗೇ ಇರ್ತಿತ್ತು. ನಂಗೆ ಹೇಗೆ ಗೊತ್ತಾಗ್ಬೇಕು?"

ಅವನು ಸುಳ್ಳು ಹೇಳಿರಲಿಲ್ಲ. ಕುಡಿದೂ ಇರಲಿಲ್ಲ. ಇಪ್ಪತ್ತು ವರ್ಷ ಬೆರಳು ಹೇಳಿದ್ದನ್ನು ನಂಬಿ ಅಭ್ಯಾಸವಾದವನು, ಬೆರಳು ಹೇಳುವುದನ್ನು ನಿಲ್ಲಿಸಿದ ಮೇಲೂ ನಂಬಿದ್ದ.

ಅವನು ಕೇಳಿಕೊಂಡದ್ದು ಒಂದೇ. "ತೈ ತಿಂಗಳು ಕಳೀಲಿ. ಹುಡುಗನ ಕಡೆಯೋರಿಗೆ ಈಗ ಗೊತ್ತಾದ್ರೆ ಸೆಲ್ವಿನ ಬಿಟ್ಬಿಡ್ತಾರೆ. ಕೆಲ್ಸ ಯಾಕೆ ಹೋಯ್ತು ಅಂತ ಕೇಳಿದ್ರೆ ನಾನೇನ್ ಹೇಳ್ಲಿ? ಮದುವೆ ಆದ ಮಾರನೇ ದಿನ ನಾನೇ ಆಸ್ಪತ್ರೆಗೆ ಹೋಗಿ ಸೇರ್ಕೋತೀನಿ. ಮಾತೆ ಮೇಲಾಣೆ."

ರಹೀಂ ಒಂದು ಕ್ಷಣವೂ ಯೋಚಿಸಲಿಲ್ಲ. "ಹೌ ಅಣ್ಣ. ನಿನ್ನ ಕೊಕ್ಕೆ ನಾವು ನೋಡಿ ಕೊಡ್ತೀವಿ. ಬೆಳಗ್ಗೆ ನಾನು, ಮಧ್ಯಾಹ್ನದ ಮೇಲೆ ಮುನಿ. ಕಟ್ಟೋದು ನಿನ್ನಷ್ಟು ಚೆನ್ನಾಗಿ ಯಾರು ಕಟ್ತಾರೆ? ಏನ್ ಮುನಿ?"

"ಆಯ್ತು" ಎಂದೆ.

ನನಗೆ ಆಗ ಏನನ್ನಿಸಿತು ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಕನಿಕರ ಬರಬೇಕಿತ್ತು, ಬರಲಿಲ್ಲ. ಭಯವೂ ಬಂದ ಹಾಗಿರಲಿಲ್ಲ. ಮೈಯೊಳಗೆ ಯಾರೋ ಕಂಬಳಿ ಹಾಸಿ ಎಲ್ಲ ಸದ್ದನ್ನೂ ಮುಚ್ಚಿದ ಹಾಗಿತ್ತು. ರಹೀಂ ಹೊಳೆಯಲ್ಲಿ ಕೈ ತೊಳೆದ. ನಾನು ಕೋಲು ಮಡಚಿದೆ. ಸವರಿಯಣ್ಣ ಗಾಯಕ್ಕೆ ತನ್ನ ಟವಲ್ಲಿನ ಅಂಚು ಹರಿದು ಕಟ್ಟಿಕೊಂಡ. ಆ ಸಂಜೆಯೂ ಮೀನು ಸುಟ್ಟೆವು. ನನಗೆ ಹಸಿವಿಲ್ಲ ಎಂದೆ.

ವಾಪಸ್ ಬಂದು ದೊರೆಗೆ ಹೇಳಿದ್ದು ನಾನೇ. ಯಾರೊಬ್ಬರ ಕೈಯೂ ಅಲ್ಲ, ವರ್ಕ್‌ಶಾಪಿನ ಆ ಒಂದು ಪೊಟ್ಟಣದ ಕೊಕ್ಕೆಯೇ ಸರಿಯಿರಲಿಲ್ಲ, ಇನ್ನು ಮೇಲೆ ಒಂದೊಂದನ್ನೂ ಎರಡೆರಡು ಸಲ ನೋಡುತ್ತೇವೆ ಎಂದೆ. ಅವನು ನನ್ನನ್ನು ಬಹಳ ಹೊತ್ತು ನೋಡಿದ. "ಮೂವರೂ ಇದನ್ನೇ ಹೇಳುತ್ತೀರಾ?" ಎಂದ. ಮೂವರೂ ಹೌದೆಂದೆವು. ಸರಿ, ಮುಂದಿನ ಪೆಟ್ಟಿಗೆ ನೋಡೋಣ ಎಂದ.

ಏರ್ಪಾಟು ಸಲೀಸಾಗಿ ನಡೆಯಿತು. ಬೆಳಗ್ಗೆ ಸವರಿಯಣ್ಣ ಕೊಕ್ಕೆಗಳನ್ನು ಅಂಗೈಯಲ್ಲಿ ಹಿಡಿದು ನನ್ನ ಬೆನ್ನ ಹಿಂದಿನಿಂದ ರಹೀಮನ ಕಡೆ ಚಾಚುವನು. ರಹೀಂ ಆ ಅಂಗೈಯಿಂದಲೇ ಒಂದೊಂದಾಗಿ ತೆಗೆದು, ತನ್ನ ಉಗುರಿನ ಮೇಲೆ ಎಳೆದು, ಜಾರಿದ್ದನ್ನು ಉಜ್ಜಿ, ವಾಪಸ್ ಅದೇ ಅಂಗೈಗೆ ಹಾಕುವನು. ಮಾತು ನಿಲ್ಲುತ್ತಿರಲಿಲ್ಲ. ಯಾವ ಹುಂಜ ಯಾರ ಮೇಲೆ ಹಾರಿತು, ಮಾರ್ಕೆಟ್ಟಿನಲ್ಲಿ ಏನು ಗಲಾಟೆ, ಎಲ್ಲ. ಮುಂದಿನ ಪೆಟ್ಟಿಗೆ ಹೋಯಿತು, ದೂರು ಬರಲಿಲ್ಲ.

ಮಧ್ಯಾಹ್ನದ ಮೇಲೆ ನಾನು. ಮನೆಯಲ್ಲಿ ನನಗೆ ಆರು ತಿಂಗಳ ಮಗಳಿದ್ದಳು. ಮೊದಲ ದಿನ ಸಂಜೆ ಮನೆಗೆ ಹೋಗಿ ಕಾರ್ಬಾಲಿಕ್ ಸೋಪಿನಲ್ಲಿ ಮೊಣಕೈವರೆಗೆ ಕೈ ತೊಳೆದೆ. ಎರಡನೆಯ ದಿನ ಎರಡು ಸಲ ತೊಳೆದೆ. "ಏನ್ರೀ ಇದು, ಹೆಣ ಮುಟ್ಟಿ ಬಂದೋರ ಥರ?" ಎಂದಳು ಹೆಂಡತಿ. ಮಗು ನನ್ನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಳ್ಳಲು ಬಂದರೆ ಎಳೆದುಕೊಳ್ಳುತ್ತಿದ್ದೆ. ಆ ರೋಗ ಹಾಗೆಲ್ಲ ಅಂಟುವುದಲ್ಲ, ಅಂಟಬೇಕಿದ್ದರೆ ಪಕ್ಕದಲ್ಲಿ ಕೂತ ಅಷ್ಟು ದಿನದಲ್ಲಿ ಯಾವಾಗಲೋ ಅಂಟಿರುತ್ತಿತ್ತು ಎಂದು ಒಬ್ಬ ವೈದ್ಯರು ನನಗೆ ಹೇಳಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಆಗ ಹೇಳಿದ್ದರೂ ನಾನು ಕೇಳುತ್ತಿದ್ದೆನೇ, ಗೊತ್ತಿಲ್ಲ.

ಒಂಬತ್ತನೆಯದೋ ಹತ್ತನೆಯದೋ ದಿನ, ಊಟ ಮುಗಿಸಿ ಬಂದು ಕೂತೆವು. ಸವರಿಯಣ್ಣ ಅಂಗೈ ಚಾಚಿದ. ಸಣ್ಣ ಗರಿ ಹಿಡಿಯಲು ನಮ್ಮ ಬೆಂಚಿನ ಮೇಲೆ ಒಂದು ಚಿಮಟ ಇರುತ್ತಿತ್ತು. ನಾನು ಆ ಚಿಮಟ ತೆಗೆದುಕೊಂಡು, ಅದರಿಂದ ಅವನ ಅಂಗೈಯ ಮೇಲಿನ ಒಂದು ಕೊಕ್ಕೆಯನ್ನು ಎತ್ತಿದೆ. ಮೊದಲೇ ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿ ಚಿಮಟದ ಕಡೆ ಹೋಯಿತು, ಅಷ್ಟೆ. ಆದರೆ ಎರಡನೆಯ ಕೊಕ್ಕೆಯನ್ನೂ ಚಿಮಟದಲ್ಲೇ ಎತ್ತಿದೆ, ಅದು ಮಾತ್ರ ಯೋಚಿಸಿ ಮಾಡಿದ್ದು.

ಅವನು ಚಿಮಟವನ್ನು ನೋಡಿದ. ಅಂಗೈ ಅಲ್ಲಾಡಲಿಲ್ಲ. ಮೂರನೆಯದನ್ನು ಎತ್ತುವ ಮೊದಲು ಉಳಿದ ಕೊಕ್ಕೆಗಳನ್ನು ಒಂದು ಕಾಗದದ ಮೇಲೆ ಮೆಲ್ಲಗೆ ಸುರಿದು, ಕಾಗದವನ್ನು ನನ್ನ ಕಡೆ ಸರಿಸಿದ. "ಹೀಗೆ ಸುಲಭ ಅಲ್ವಾ ಮುನಿ?" ಎಂದ. ಧ್ವನಿಯಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ನಾನು ಹೂಂ ಎಂದೆ.

ಮರುದಿನ ಬೆಳಗ್ಗೆ ಅವನು ಬೆಂಚಿಗೆ ಬರುವ ಮೊದಲು ದೊರೆಯ ಕೋಣೆಗೆ ಹೋದ. ಕಣ್ಣು ಮಂಜಾಗಿದೆ, ಮೊಂಡು ಕೊಕ್ಕೆ ಎಲ್ಲ ನನ್ನವೇ, ಇವರಿಬ್ಬರು ಸ್ನೇಹಕ್ಕೆ ಸುಳ್ಳು ಹೇಳಿದರು ಎಂದು ಹೇಳಿ, ಕೆಲಸ ಬಿಟ್ಟು ಹೊರಟ. ಕಣ್ಣು ಎಂದದ್ದರಿಂದ ಅವನ ಮನೆಯವರಿಗೂ ಬೀಗರಿಗೂ ಹೇಳಲು ಒಂದು ಕಾರಣ ಸಿಕ್ಕಿತು. ಬೆಂಚಿನ ಹತ್ತಿರ ಬಂದು ತನ್ನ ಕತ್ತರಿಯನ್ನು ಟವಲ್ಲಿಗೆ ಸುತ್ತಿಕೊಂಡ. ರಹೀಂ ಎದ್ದು ಅವನನ್ನು ತಬ್ಬಿಕೊಂಡ, ಬಿಡಲೇ ಇಲ್ಲ. ನಾನು ದಾರಕ್ಕೆ ಮೇಣ ಉಜ್ಜುತ್ತಿದ್ದೆ.

ಅವನು ಹೋದ ಮೇಲೆ ರಹೀಂ ನನ್ನ ಮುಂದಿದ್ದ ಚಿಮಟವನ್ನೂ ಕಾಗದವನ್ನೂ ನೋಡಿದ. ಹಿಂದಿನ ಮಧ್ಯಾಹ್ನ ಪಕ್ಕದಲ್ಲೇ ಕೂತು ಕಂಡದ್ದು ಏನೆಂದು ಅವನಿಗೆ ಆಗ ತಿಳಿಯಿತು.

"ಕ್ಯಾ ಕರ್ಯಾ ರೇ ಮುನಿ? ಏನ್ ಮಾಡ್ಬಿಟ್ಟೆ?" ಎಂದ. "ಇನ್ನೆರಡು ತಿಂಗ್ಳು ಕಣೋ."

ನಾನು ಮುಂದಿನ ಕೊಕ್ಕೆ ಎತ್ತಿಕೊಂಡೆ. ಆಮೇಲೂ ನಾವಿಬ್ಬರು ಅದೇ ಬೆಂಚಿನಲ್ಲಿ ನಾಲ್ಕು ವರ್ಷ ಕೂತೆವು, ದಿನವೂ ಮಾತಾಡಿದೆವು. ಈ ಮಾತನ್ನು ಮಾತ್ರ ಅವನು ಮತ್ತೆ ಎತ್ತಲಿಲ್ಲ.

ತೈ ತಿಂಗಳಲ್ಲಿ ಸೆಲ್ವಿಯ ಮದುವೆ ಗೊತ್ತಾದ ದಿನಕ್ಕೇ ನಡೆಯಿತು. ಸವರಿಯಣ್ಣ ಮನೆಗೇ ಬಂದು ಹೊಸಿಲ ಆಚೆ ನಿಂತು ಕರೆದು ಹೋಗಿದ್ದ. ಹೋಗದಿರಲು ನೆಪ ಹುಡುಕಿದೆ, ಸಿಗಲಿಲ್ಲ. ಹೆಂಡತಿ ಮಗುವಿಗೆ ಹೊಸ ಲಂಗ ಹಾಕಿ ನನ್ನ ಕಂಕುಳಿಗೆ ಕೊಟ್ಟಳು. ಚರ್ಚಿನ ಗೇಟಿನಲ್ಲಿ ಸವರಿಯಣ್ಣ ಬಂದವರನ್ನು ಎದುರುಗೊಳ್ಳುತ್ತಾ ನಿಂತಿದ್ದ. ಬಿಳಿ ಶರ್ಟು, ಎಡಗೈ ಪ್ಯಾಂಟಿನ ಜೇಬಿನಲ್ಲಿ. ನಮಗಿಂತ ಮುಂದೆ ಹೋದವರ ಕೈಯನ್ನೆಲ್ಲ ಬಲಗೈಯಿಂದ ಕುಲುಕುತ್ತಿದ್ದ, ಮಕ್ಕಳ ಕೆನ್ನೆ ತಟ್ಟುತ್ತಿದ್ದ. ರಹೀಂ ಹೋಗಿ ತಬ್ಬಿಕೊಂಡ, ಅವನ ಹೆಗಲ ಮೇಲೆ ಸವರಿಯಣ್ಣ ಗಲ್ಲ ಇಟ್ಟ.

ಆಮೇಲೆ ನಾನು. ಅವನು ನನ್ನನ್ನು ಕಂಡದ್ದೇ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಜೇಬಿನಿಂದ ಎಡಗೈಯನ್ನೂ ತೆಗೆದು ಎರಡೂ ಕೈ ಜೋಡಿಸಿದ. ನನ್ನ ಮಗಳು ಅವನ ಕಡೆ ಕೈ ಚಾಚಿ ಬಗ್ಗಿದಳು, ಎಲ್ಲರ ಕಡೆಯೂ ಬಗ್ಗುವ ವಯಸ್ಸು ಅದು. ಅವನು ಮುಟ್ಟಲಿಲ್ಲ. "ಚೆನ್ನಾಗಿರು ಕಣ್ಣು" ಎಂದು ತಮಿಳರ ಮುದ್ದಿನಲ್ಲಿ ಹರಸಿದ, ದೂರದಿಂದಲೇ. ಆಮೇಲೆ ನನ್ನ ಕಡೆ ತಿರುಗಿ, "ಒಳಗೆ ಬಾಪ್ಪಾ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದು ದಾರಿ ಬಿಟ್ಟ.

ನಾನು ಮಗಳನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಒಳಗೆ ನಡೆದೆ. ತಿಂಗಳುಗಟ್ಟಲೆ ಏನೂ ಅನ್ನಿಸದಿದ್ದ ನನಗೆ ಆಗ ಒಂದು ಅನ್ನಿಸಿತು. ನನಗೆ ಆದದ್ದು ನಿರಾಳ. ಅವನು ಮುಟ್ಟಲಿಲ್ಲವಲ್ಲ ಎಂಬ ನಿರಾಳ.